ಸಜ್ಜೆ ಬೀಳುವ ಸಪ್ಪಳ

ಮೈಕ್ ಸರಿಯಿಲ್ಲ ಎಂದು ಹೇಳುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಮಾತು. ಮೈಕ್ ಎದುರು ಮಾತಾಡುವುದಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ. ಆಳಂದದ ಒಂದು ಕ್ಯಾಸೆಟ್ ಸ್ಟುಡಿಯೊದಲ್ಲಿ ಹತ್ತೊಂಬತ್ತು ವರ್ಷ ರೆಕಾರ್ಡಿಂಗ್ ಮಾಡಿದ ನಾನು ಈ ಮಾತನ್ನು ಬೇಕಾದಷ್ಟು ಸಲ ಹೇಳಿದ್ದೇನೆ. ಈಗ ಈ ಕೆಲಸಕ್ಕೆ ಬರುತ್ತಿರುವವರು, ಆಗ ಹೇಗಿತ್ತು ಹೇಳಿ ಎಂದು ಕೇಳುತ್ತಾರೆ. ಯಾವಾಗ ಪಗಾರ ಏರಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬಿಟ್ಟುಬಿಡುತ್ತೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಮೂರು ಮೈಕುಗಳ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಮರ್ಯಾದೆ ಹೋಗುವ ಭಾಗವೂ ಇದೆ, ಅದನ್ನೂ ಬಿಡುವುದಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಟೂರಿಂಗ್ ಟಾಕೀಸಿನಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದೆ. ಒಂದು ಕಡೆ ಡೀಸೆಲ್ ಎಂಜಿನ್, ಇನ್ನೊಂದು ಕಡೆ ಕಹಳೆಯಂಥ ಸ್ಪೀಕರ್, ನಡುವೆ ನಾನು. ಸಿನಿಮಾ ಇಲ್ಲದ ದಿನ ಮದುವೆಗಳಿಗೆ ಲೌಡ್‌ಸ್ಪೀಕರ್ ಕಟ್ಟುವುದು. ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು, ಎಲ್ಲಿ ಗರಗರ ಎನ್ನುತ್ತಿದೆ ಎಂದು ಹೇಳುತ್ತಿದ್ದೆ. ಆಳಂದದಲ್ಲಿ ಕಿವಿ ಎಂದರೆ ಗುರುಲಿಂಗಪ್ಪನ ಕಿವಿ ಎಂಬ ಹೆಸರು ಆಗಲೇ ಬಂದಿತ್ತು. ಆ ಹೆಸರನ್ನು ನಾನು ಬಹಳ ವರ್ಷ ಪೇಟದ ಹಾಗೆ ಸುತ್ತಿಕೊಂಡು ತಿರುಗಾಡಿದೆ.

ಖಜೂರಿಯ ಭೀಮಾಶಂಕರ ಸಾವಕಾರರು ನನ್ನನ್ನು ಕರೆದದ್ದು ಆ ಹೆಸರು ಕೇಳಿಯೇ. ಅವರಿಗೆ ಮಹಾರಾಷ್ಟ್ರದ ಕಡೆ ಓಡುವ ಮೂರು ಲಾರಿಗಳಿದ್ದವು. ಡ್ರೈವರುಗಳು ದಾರಿಯುದ್ದಕ್ಕೂ ಕ್ಯಾಸೆಟ್ ಕೇಳುತ್ತಾರೆ, ನಮ್ಮ ಕಡೆಯ ಹಾಡು ಒಂದೂ ಸಿಗುವುದಿಲ್ಲ, ನಾವೇ ಮಾಡೋಣ ಎಂಬುದು ಅವರ ವಿಚಾರ. ಆಳಂದದಲ್ಲಿ ಹತ್ತಿ ತುಂಬುತ್ತಿದ್ದ ಒಂದು ಕೋಣೆ ಖಾಲಿ ಮಾಡಿಸಿದರು. ಗೋಡೆಗೆ ಗೋಣಿಚೀಲ ಬಡಿದು ಅದರ ಮೇಲೆ ಕೌದಿಗಳನ್ನು ತೂಗುಬಿಟ್ಟೆವು. ರೆಕಾರ್ಡಿಂಗ್ ನಡೆಯುವಾಗ ಫ್ಯಾನ್ ಹಚ್ಚುವಂತಿಲ್ಲ. ಬೇಸಿಗೆಯಲ್ಲಿ ಹಾಡುವವರ ತಲೆಯ ಮೇಲೆ ಹಸಿ ಟವೆಲ್ ಹಾಕುತ್ತಿದ್ದೆವು. ಆದರೆ ಮೈಕ್ ವಿಷಯದಲ್ಲಿ ಸಾವಕಾರರು ಹಿಂದೆಮುಂದೆ ನೋಡಲಿಲ್ಲ. ಮುಂಬೈಯಿಂದ ಮೂರು ಒಳ್ಳೆಯ ಸ್ಟುಡಿಯೊ ಮೈಕುಗಳನ್ನು ತಂದರು. ಜಾಳಿಗೆಯ ಒಳಗೆ ಕೂದಲಿಗಿಂತ ತೆಳ್ಳಗಿನ ಒಂದು ಹಾಳೆ, ಅದು ಉಸಿರಿಗೂ ಅಲುಗಾಡುತ್ತದೆ.

ಮೊದಲ ವರ್ಷವೇ ಅದರಲ್ಲಿ ಒಂದನ್ನು ಕೊಂದೆ. ಕರಜಗಿಯಿಂದ ಒಬ್ಬ ಭಜನೆ ಮಾಸ್ತರರು ಬಂದಿದ್ದರು. ಭಾರಿ ಕಂಠ, ಬಾಯಿ ತುಂಬ ಎಲೆ ಅಡಿಕೆ. ಉಗುಳಿ ಹಾಡಿರಿ ಎಂದರೆ, ಉಗುಳಿದರೆ ದನಿಯೂ ಹೋಗುತ್ತದೆ ಎಂದರು. ಸಂಜೆಗೆ ನೋಡಿದರೆ ಜಾಳಿಗೆ ಕೆಂಪಾಗಿತ್ತು, ಒಳಗಿನ ಹಾಳೆಯ ಮೇಲೂ ಕೆಂಪು ಚುಕ್ಕೆ. ನಾನು ಮೈಕ್ ಬಿಚ್ಚಿ, ಸಾಬೂನು ನೀರಿನಲ್ಲಿ ಅದ್ದಿ, ಚೆನ್ನಾಗಿ ತೊಳೆದು ಬಿಸಿಲಿಗಿಟ್ಟೆ. ಮರುದಿನ ಮೈಕ್ ಸತ್ತಿತ್ತು. ಆಗ ಯಾರೋ ಅಫಜಲಪುರದ ಖಾದರಸಾಬರ ಹೆಸರು ಹೇಳಿದರು.

ಖಾದರಸಾಬರು ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ಟೆಲಿಫೋನು, ಸಿನಿಮಾ ಸೌಂಡು, ಮೈಕು ಎಲ್ಲ ಬಿಚ್ಚಿ ಕೂಡಿಸಿದವರು. ಹೆಂಡತಿಯ ಊರೆಂದು ಅಫಜಲಪುರಕ್ಕೆ ಬಂದು ನೆಲೆಸಿದ್ದರು. ಮೈಕನ್ನು ತಿದ್ದುವುದರಲ್ಲಿ, ಅಂದರೆ ಅದರ ದನಿಯನ್ನೇ ಬದಲಿಸುವುದರಲ್ಲಿ, ಅವರಂಥ ಕೈ ನಾನು ಮತ್ತೆಲ್ಲೂ ನೋಡಲಿಲ್ಲ. ನಾನು ತೊಳೆದ ಕಥೆಯನ್ನು ಅವರು ಸುಮ್ಮನೆ ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದರು.

"ಮೈಕ್ ಅಂದ್ರ ಚಾದ ಬಟ್ಟಲೇನ್ರಿ, ತೊಳದು ಬೋರಲ ಹಾಕಾಕ?" ಎಂದರು.

ಹೊಸ ಹಾಳೆ ಹಾಕಿ ಮೈಕನ್ನು ಬದುಕಿಸಿ ಕೊಟ್ಟರು. ಅವರ ಕೆಲಸದ ರೀತಿ ನೋಡಿದ್ದು ಆವಾಗಲೇ. ಹಲೋ ಹಲೋ ಎಂದು ಮೈಕ್ ಪರೀಕ್ಷೆ ಮಾಡುವವರಲ್ಲ ಅವರು. ಊಟದ ಒಂದು ಸ್ಟೀಲ್ ಗಂಗಾಳದ ಮೇಲೆ ಕಾಳು ಬಿಡುತ್ತಿದ್ದರು. ಮೊದಲು ತೊಗರಿ, ಆಮೇಲೆ ಜೋಳ, ಕೊನೆಗೆ ಎರಡು ಬೆರಳಲ್ಲಿ ಹಿಡಿದು ಸಜ್ಜೆ, ಗೇಣು ಎತ್ತರದಿಂದ ಒಂದೊಂದೇ ಕಾಳು. ತೊಗರಿಯ ಸಪ್ಪಳ ದಪ್ಪ, ಜೋಳದ್ದು ಅದಕ್ಕಿಂತ ಸಣ್ಣ, ಸಜ್ಜೆಯದು ಎಲ್ಲಕ್ಕಿಂತ ಸಣ್ಣ. ಮೂರೂ ಬೇರೆ ಬೇರೆಯಾಗಿ ಕೇಳಿಸಿದರೆ ಮೈಕ್ ಸರಿಯಾಗಿದೆ ಎಂದು ಲೆಕ್ಕ. ಅವತ್ತು ನಾನು ಮೈಕಿಲ್ಲದೆ, ಬಾಗಿಲ ಬಳಿ ನಿಂತೇ ಸಜ್ಜೆ ಬಿದ್ದದ್ದನ್ನು ಎಣಿಸಿ ಹೇಳಿದೆ. ಅವರು ತಲೆದೂಗಿದರು. ಆ ತಲೆದೂಗಿದ್ದನ್ನು ಆಳಂದದಲ್ಲಿ ಯಾರಿಗೆಲ್ಲ ಹೇಳಿದೆನೋ ನೆನಪಿಲ್ಲ.

ಇನ್ನೊಂದು ರೂಢಿಯಿತ್ತು. ಮೈಕಿನಿಂದ ತೆಗೆದ ಯಾವ ಸಾಮಾನನ್ನೂ ಅವರು ಎಸೆಯುತ್ತಿರಲಿಲ್ಲ. ಹಳೆಯ ಉರ್ದು ಪೇಪರಿನಲ್ಲಿ ಪುಡಿಕೆ ಕಟ್ಟಿ, ಮೇಲೆ ಗಿರಾಕಿಯ ಹೆಸರು ಬರೆದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಇದೆಲ್ಲ ಯಾಕೆ ಎಂದು ಕೇಳಿದರೆ, ಇವತ್ತು ಬೇಡ ಎಂದ ಗಿರಾಕಿ ನಾಳೆ ಬೇಕು ಎಂದು ಬಂದರೆ ಎಲ್ಲಿಂದ ತರಲಿ ಎಂದರು. ಆಗ ನನಗೆ ಅದು ಮುದುಕರ ಜಿಪುಣತನ ಅನ್ನಿಸಿತು.

ಮುಂದಿನ ವರ್ಷ ಮೂರೂ ಮೈಕುಗಳನ್ನು ಅವರಲ್ಲಿಗೆ ಒಯ್ದೆ. ನಮ್ಮ ಕೋಣೆಯ ಕೌದಿಗಳು ತಾರಕದ ಸಣ್ಣ ದನಿಯನ್ನೆಲ್ಲ ಕುಡಿದುಬಿಡುತ್ತಿದ್ದವು, ತಾಳದ ಕಿಣಿಕಿಣಿ ಟೇಪಿನಲ್ಲಿ ಮಂಕಾಗುತ್ತಿತ್ತು. ಅದು ನಿಜವಾದ ದೂರು. ಖಾದರಸಾಬರು ಜಾಳಿಗೆಯ ಹಿಂದೆ ಸಣ್ಣ ದನಿಯನ್ನು ತಡೆಯುತ್ತಿದ್ದ ರೇಷ್ಮೆ ಬಟ್ಟೆಯ ಪದರ ತೆಗೆದರು. ಟೇಪು ಕಳೆಗಟ್ಟಿತು, ಸಾವಕಾರರು ಡ್ರೈವರುಗಳನ್ನೆಲ್ಲ ಕೂರಿಸಿ ಕೇಳಿಸಿದರು. ಮೈಕ್ ತಿದ್ದಿಸುವುದು ನನಗೆ ಅಲ್ಲಿಂದ ಚಟವಾಯಿತು.

ಎರಡು ವರ್ಷ ಕಳೆಯುವುದರಲ್ಲಿ ಮತ್ತೆ ಮಂಕು ಅನ್ನಿಸಿತು. ಮತ್ತೆ ಕಲಬುರ್ಗಿಯಲ್ಲಿ ಬಸ್ ಬದಲಿಸಿ ಅಫಜಲಪುರ. ಖಾದರಸಾಬರು ಪ್ರತಿ ಮೈಕಿನ ಒಳಗಿನ ಒಂದು ಕೆಪಾಸಿಟರ್ ಬದಲಿಸಿ, ಸಣ್ಣ ದನಿ ಇನ್ನಷ್ಟು ಏರುವಂತೆ ಮಾಡಿದರು. ಬೇಕೇ ಬೇಕಾ ಎಂದು ಎರಡು ಸಲ ಕೇಳಿದ್ದರು. ಬೇಕೇ ಬೇಕು ಎಂದೆ. ಇನ್ನೊಂದು ವರ್ಷಕ್ಕೆ ಮೂರನೆಯ ಸಲ ಹೋದೆ. ಅವತ್ತು ಅವರು ಮೈಕ್ ನೋಡದೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಎಂಟು ದಿನ ಇಟ್ಟುಕೊಂಡು ಮರಳಿ ಕೊಟ್ಟರು. ಸ್ಟುಡಿಯೊಗೆ ಬಂದು ಹಚ್ಚಿ ಕೇಳಿ, ಈಗ ಬಂತು ನೋಡಿ ದನಿ ಎಂದು ಎಲ್ಲರೆದುರು ಹೊಗಳಿದೆ. ಆದರೂ ಎಲ್ಲೋ ಒಂದಿಷ್ಟು ಕಡಿಮೆ ಅನ್ನಿಸಿ ಮಿಕ್ಸರಿನ ಗುಂಡಿಯನ್ನೂ ಬಲಕ್ಕೆ ತಿರುವಿದೆ. ತಬಲಾ ಬಾರಿಸುತ್ತಿದ್ದ ರೇವಣಸಿದ್ಧ, ಸ್ವಲ್ಪ ಚುಚ್ಚುತ್ತದಲ್ಲ ಅಣ್ಣ ಎಂದು ಮೆಲ್ಲಗೆ ಅಂದ. ನೀನು ಚರ್ಮ ನೋಡಿಕೊ, ದನಿ ನಾನು ನೋಡಿಕೊಳ್ಳುತ್ತೇನೆ ಎಂದು ಅವನ ಬಾಯಿ ಮುಚ್ಚಿಸಿದೆ.

ಕಾಶಮ್ಮ ಬಂದದ್ದು ಆಗ. ಜೇವರ್ಗಿ ಕಡೆಯ ಇಜೇರಿಯವಳು, ನಲವತ್ತೈದರ ಒಕ್ಕಲಗಿತ್ತಿ. ಬೀಸುವಾಗ, ಕಳೆ ತೆಗೆಯುವಾಗ ಅವಳು ಹಾಡುತ್ತಿದ್ದ ಹಾಡುಗಳು ಜೇವರ್ಗಿ ಸಂತೆಯವರೆಗೂ ಹೆಸರಾಗಿದ್ದವು. ಮೂರು ಜನ ಹೆಂಗಸರನ್ನು ಹಿಮ್ಮೇಳಕ್ಕೆ ಕರೆದುಕೊಂಡು ಬಂದಳು. ಬೀಸುವ ಕಲ್ಲಿಲ್ಲದೆ ಕೈ ಸುಮ್ಮನಿರುವುದಿಲ್ಲ ಎಂದು ಕಲ್ಲನ್ನೂ ಎತ್ತಿನ ಗಾಡಿಯಲ್ಲಿ ಜೇವರ್ಗಿಗೆ ತಂದು, ಬಸ್ಸಿನ ಮೇಲೆ ಹಾಕಿಸಿದ್ದಳು. ಎರಡು ದಿನದಲ್ಲಿ ಹತ್ತು ಹಾಡು ಮುಗಿದವು. ಅಷ್ಟು ಗಟ್ಟಿ ದನಿ, ಅಷ್ಟು ನಿರಾಳ ಉಸಿರು ನಾನು ಅದುವರೆಗೆ ಹಿಡಿದಿರಲಿಲ್ಲ.

ಕ್ಯಾಸೆಟ್ ಹೊರಬಿದ್ದ ಮೇಲೆ ಅವಳೊಬ್ಬಳೇ ಸ್ಟುಡಿಯೊಗೆ ಬಂದಳು. ಊರಲ್ಲಿ ಹಚ್ಚಿದರೆ ಪ್ರತಿ 'ಸ' ಬಂದಾಗಲೂ ಸೀಟಿ ಊದಿದಂತೆ ಆಗುತ್ತದೆ, ಜನ ನಗುತ್ತಾರೆ, ಇದು ಯಾಕೆ ಹೀಗೆ ಎಂದು ಕೇಳಿದಳು. ಕೆಣಕಲು ಬಂದವಳಲ್ಲ, ತಿಳಿಯಲು ಬಂದವಳು. ನಾನು ಟೇಪ್ ಹಚ್ಚಿ ಕೇಳಿದೆ. ನನಗೆ ಸೀಟಿ ಕೇಳಿಸಲಿಲ್ಲ. ಅವಳ ಮುಖ ನೋಡಿದೆ. ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದಿಯಿತ್ತು, ಒಂದು ಹಲ್ಲು ತುಸು ಮುಂದೆ ಬಾಗಿತ್ತು.

"ಮೈಕ್ ಬರೋಬರಿ ಅದವ್ವ," ಎಂದೆ. "ನಿನ್ನ ಹಲ್ಲಿನ ಸಂದ್ಯಾಗಿಂದ ಗಾಳಿ ಬರಾಕತ್ತದ."

ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಹೋದಳು. ನನಗೆ ಆ ಮಾತು ಅಲ್ಲಿಗೇ ಮುಗಿಯಿತು. ಊಟ ಮಾಡಿದೆ, ನಿದ್ದೆ ಮಾಡಿದೆ.

ಒಂದು ತಿಂಗಳ ಮೇಲೆ ಸಾವಕಾರರು ಎರಡು ರಟ್ಟಿನ ಡಬ್ಬ ತಂದು ನನ್ನ ಮುಂದೆ ಸುರಿದರು. ಎಲ್ಲ ಕಾಶಮ್ಮನ ಕ್ಯಾಸೆಟ್ಟು. ಖಜೂರಿ ನಾಕಾದಲ್ಲಿ ಡ್ರೈವರುಗಳು ವಾಪಸ್ ಕೊಟ್ಟಿದ್ದರು. 'ಸ' ಬಂದಾಗೆಲ್ಲ ಕಿವಿಯೊಳಗೆ ಸೂಜಿ ಆಡಿಸಿದ ಹಾಗಾಗುತ್ತದೆ, ಇದನ್ನು ಕೇಳಿ ಗಾಡಿ ಓಡಿಸಲು ಆಗುವುದಿಲ್ಲ ಎಂದರಂತೆ. ಕಾಶಮ್ಮನದಷ್ಟೇ ಅಲ್ಲ, ಆ ವರ್ಷದ ಬೇರೆ ಕ್ಯಾಸೆಟ್ಟುಗಳ ಮೇಲೂ ಅದೇ ದೂರು. ಮತ್ತೆ ಇನ್ನೊಂದು ಮಾತು ಹೇಳಿದರು. ನೀನು ಹೇಳಿದೆ ಎಂದು ಆ ಹೆಣ್ಣುಮಗಳು ಕಲಬುರ್ಗಿಗೆ ಹೋಗಿ ಹಲ್ಲು ಕೀಳಿಸಿಕೊಂಡಿದ್ದಾಳೆ. ಕೀಳಿಸಿಕೊಂಡ ಮೇಲೆ ಹಾಡುವುದನ್ನೇ ಬಿಟ್ಟಿದ್ದಾಳೆ.

ಆಗಲೂ ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಖಾದರಸಾಬರ ಮೇಲೆ. ಮೈಕುಗಳನ್ನು ಚೀಲಕ್ಕೆ ತುಂಬಿಕೊಂಡು ಮೊದಲ ಬಸ್ ಹಿಡಿದೆ. ಅವರ ಮನೆಯ ಪಡಸಾಲೆಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಮೂರನೆಯ ಸಲ ಏನು ಮಾಡಿದಿರಿ ಇದಕ್ಕೆ, ನನ್ನ ಹೆಸರು ಕೆಡಿಸಿದಿರಿ, ಒಬ್ಬ ಹೆಣ್ಣುಮಗಳ ಬಾಳು ಕೆಡಿಸಿದಿರಿ ಎಂದೆ.

"ಮೂರನೇ ಸಲ ನಾ ಏನೂ ಮಾಡಿಲ್ರಿ," ಎಂದರು ಖಾದರಸಾಬರು. "ಮ್ಯಾಲಿನ ಧೂಳ ಒರಸಿ ಕೊಟ್ಟೇನಿ. ನೀವು ಚಲೋ ಆತಂತ ಚೀಟಿ ಬರದ ಕಳಿಸಿದ್ರಿ."

ಚೀಟಿ ಬರೆದದ್ದು ನಿಜ.

ಅವರು ಗಂಗಾಳ ತಂದರು. ತಮಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂರಲು ಹೇಳಿದರು. ಕೂತೆ. ಟಣ್ ಟಣ್ ಎಂದು ತೊಗರಿ ಬಿತ್ತು. ತೊಗರಿ ಎಂದೆ. ಆಮೇಲೆ ಬಿದ್ದದ್ದು ಪಕ್ಕದ ಮನೆಯಲ್ಲಿ ಬಿದ್ದ ಹಾಗೆ ಕೇಳಿಸಿತು. ಜೋಳ ಎಂದೆ. ಆಮೇಲೆ ಸುಮ್ಮನಾದರು. ನಾನು ಕಾಯುತ್ತ ಕೂತೆ. ಹೊರಗೆ ಟಾಂಗಾ ಹೋದದ್ದು ಕೇಳಿಸಿತು, ಒಳಗೆ ಅವರ ಹೆಂಡತಿ ಕೆಮ್ಮಿದ್ದು ಕೇಳಿಸಿತು.

"ಹಾಕ್ರಿ ಮತ್ತ," ಎಂದೆ.

"ಹಾಕಾಕತ್ತೇನ್ರಿ," ಎಂದರು.

ತಿರುಗಿ ನೋಡಿದೆ. ಅವರ ಬೆರಳ ತುದಿಯಿಂದ ಸಜ್ಜೆ ಕಾಳು ಒಂದಾದ ಮೇಲೆ ಒಂದು ಗಂಗಾಳಕ್ಕೆ ಬೀಳುತ್ತಿತ್ತು, ಪುಟಿಯುತ್ತಿತ್ತು. ಗಂಗಾಳದಲ್ಲಿ ಆಗಲೇ ಹತ್ತಿಪ್ಪತ್ತು ಕಾಳುಗಳಿದ್ದವು. ಒಂದರ ಸಪ್ಪಳವೂ ನನಗೆ ಮುಟ್ಟಲಿಲ್ಲ.

ಅವತ್ತು ನಾನು ಆ ಪಡಸಾಲೆಯಲ್ಲಿ ಅತ್ತೆ. ಬರೆಯಲು ನಾಚಿಕೆಯಿಲ್ಲ. ಎಂಜಿನ್ ಪಕ್ಕದಲ್ಲಿ, ಸ್ಪೀಕರಿನ ಬಾಯಿಯಲ್ಲಿ ಕಳೆದ ವರ್ಷಗಳು ನನ್ನ ಕಿವಿಯ ಸಣ್ಣ ದನಿಯನ್ನು ಒಂದೊಂದಾಗಿ ತಿಂದು ಹಾಕಿದ್ದವು. ನನಗೆ ಕಡಿಮೆಯಾದಷ್ಟನ್ನೂ ನಾನು ಮೈಕಿಗೆ ಹೆಚ್ಚಿಸುತ್ತ ಹೋಗಿದ್ದೆ. ಖಾದರಸಾಬರು ತಮ್ಮದೂ ತಪ್ಪಿದೆ ಎಂದರು. ಮೂರನೆಯ ಸಲವೇ ಅನುಮಾನ ಬಂದಿತ್ತು, ಬಾಯಿಬಿಟ್ಟು ಹೇಳುವ ಬದಲು ಪರೀಕ್ಷೆ ಮಾಡಿದೆ, ನಿಮ್ಮ ಹೆಸರಿಗೆ ಹೆದರಿದೆ ಎಂದರು. ಆಮೇಲೆ ಪೆಟ್ಟಿಗೆ ತೆರೆದು ನನ್ನ ಹೆಸರಿನ ಪುಡಿಕೆಗಳನ್ನು ತೆಗೆದರು. ರೇಷ್ಮೆ ಬಟ್ಟೆಯ ಮೂರು ತುಂಡು, ಮೂರು ಕೆಪಾಸಿಟರು, ಒಂದೂ ಕಳೆದಿರಲಿಲ್ಲ. ರೇಷ್ಮೆ ಹೊರಗೇ ಇರಲಿ, ಅದನ್ನು ತೆಗೆದದ್ದು ನಿಮ್ಮ ಕೋಣೆಯ ಸಲುವಾಗಿ, ಕೆಪಾಸಿಟರ್ ಮಾತ್ರ ಹಿಂದಕ್ಕೆ ಹಾಕೋಣ ಎಂದರು. ನಾಲ್ಕು ದಿನ ಅಲ್ಲೇ ಉಳಿದೆ. ಒಂದೊಂದು ಮೈಕ್ ಕೂಡಿಸಿದಾಗಲೂ ಗಂಗಾಳದ ಮುಂದೆ ಕೂತದ್ದು ಅವರ ಹೆಂಡತಿ. ಸಜ್ಜೆ ಹೇಗೆ ಕೇಳಿಸುತ್ತದೆ ಎಂದು ಆಕೆ ಹೇಳಿದ್ದನ್ನು ನಾನು ಬರೆದುಕೊಂಡೆ.

ಆಳಂದಕ್ಕೆ ಬಂದು ಸಾವಕಾರರಿಗೆ ಎಲ್ಲ ಹೇಳಿದೆ. ಸ್ಟುಡಿಯೊದ ಚಾವಿಯನ್ನೂ ಅವರ ಮುಂದಿಟ್ಟೆ. ಅವರು ಚಾವಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇಷ್ಟ ದಿನ ನಿನ್ನ ಕಿವಿ ನಂಬಿದ್ದೆ, ಇನ್ನ ಬಾಯಿ ನಂಬತೇನಿ," ಎಂದರು. "ಆ ಹೆಣ್ಮಗಳ ಕಡಿಂದ ಮತ್ತ ಹಾಡಸು. ಆಕಿ ಬಂದ್ರ ನೀನೂ ಇರು. ಬರಲಿಲ್ಲಂದ್ರ ಚಾವಿ ಇಲ್ಲೇ ಇರ್ಲಿ."

ಇಜೇರಿಗೆ ಹೋದೆ. ಕಾಶಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನನ್ನನ್ನು ಕಂಡವಳೇ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅವಳ ಗಂಡ ನೀರು ಕೊಟ್ಟು, ಬಸ್ಸಿನ ಹೊತ್ತು ಹೇಳಿ ಕಳಿಸಿದ. ಮುಂದಿನ ವಾರ ಮತ್ತೆ ಹೋದೆ. ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತು ಬಂದೆ. ಚಾವಿಯ ಆಸೆ ಆ ಹೊತ್ತಿಗೆ ಹೋಗಿತ್ತು ಎಂದರೆ ಸುಳ್ಳಾಗುತ್ತದೆ, ಇತ್ತು. ಆದರೆ ಅದಕ್ಕಿಂತ ದೊಡ್ಡದಾಗಿ, ತಪ್ಪು ಅವಳದಲ್ಲ ಎಂಬ ಮಾತನ್ನು ಅವಳ ಕಿವಿಗೆ ಹಾಕದೆ ಬಿಡಬಾರದು ಎಂಬ ಹಟ ಬಂದಿತ್ತು. ಮೂರನೆಯ ವಾರವೂ ಹೋದೆ. ಅವತ್ತು ಅವಳು ಒಳಗೆ ಹೋಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಸಜ್ಜೆಯದನ್ನೂ ಹೇಳಿದೆ.

"ಹಂಗಾದ್ರ ಹಲ್ಲಿಂದೇನೂ ಇದ್ದಿಲ್ಲ?" ಎಂದಳು.

"ಇದ್ದಿಲ್ಲವ್ವ."

ಮೊರವನ್ನು ಕೆಳಗಿಟ್ಟಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಮೈಕ್ ಈಗ ದುರಸ್ತಿಯಾಗಿದೆಯೇ ಎಂದು ಕೇಳಿದಳು. ಆಗಿದೆ ಎಂದೆ. ನಿಮ್ಮ ಕಿವಿ ಎಂದು ಕೇಳಿದಳು. ಅದು ಆಗುವುದಿಲ್ಲ ಎಂದೆ.

"ಮತ್ತ ಕೇಳವರು ಯಾರು?"

"ನೀನೇ ಕೇಳಬೇಕವ್ವ. ನೀ ಸರಿ ಅಂದ್ರ ಸರಿ."

ಆ ವಾರವೇ ಬೀಸುವ ಕಲ್ಲು ಮತ್ತೆ ಬಸ್ಸು ಹತ್ತಿತು.

ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ನಾನು ಆ ಕೆಲಸ ಮಾಡಿದೆ. ಮೇಜಿನ ಮೇಲೆ ಮೂರು ಡಬ್ಬಿ ಕಾಳು ಮತ್ತು ಒಂದು ಗಂಗಾಳ ಇರುತ್ತಿತ್ತು. ಪ್ರತಿ ರೆಕಾರ್ಡಿಂಗಿಗೆ ಮೊದಲು ರೇವಣಸಿದ್ಧ ಸಜ್ಜೆ ಕೇಳಿ ಹೇಳಬೇಕು, ನಾನು ಗುಂಡಿ ತಿರುವಬೇಕು. ಅವನನ್ನು ಬೈದದ್ದಕ್ಕೆ ಎಲ್ಲರೆದುರೇ ತಪ್ಪಾಯಿತು ಎಂದೆ. ಮೊದಮೊದಲು ಬಂದವರು ನಕ್ಕರು, ಕಿವುಡನ ಸ್ಟುಡಿಯೊ ಎಂದು ಹೆಸರಿಟ್ಟರು. ಹೆಸರು ಉಳಿಯಿತು, ಗಿರಾಕಿಗಳೂ ಉಳಿದರು. ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂದಾಗ, ದನಿಯ ಗೆರೆಗಳು ಪರದೆಯ ಮೇಲೆ ಮೂಡುವುದನ್ನು ನೋಡಿ ನಾನು ಮೊದಲು ಮಾಡಿದ ಕೆಲಸವೆಂದರೆ ಒಂದು ಚಿಟಿಕೆ ಸಜ್ಜೆ ಬಿಟ್ಟದ್ದು. ಕೇಳದಿದ್ದರೂ ಕಣ್ಣಿಗೆ ಕಂಡಿತು. ಖಾದರಸಾಬರು ಆಗ ಇರಲಿಲ್ಲ. ಇದ್ದಿದ್ದರೆ ಕರೆದುಕೊಂಡು ಬಂದು ತೋರಿಸುತ್ತಿದ್ದೆ.

ಮೈಕ್ ತಿದ್ದಿಸಬೇಡಿ ಎಂದು ನಾನು ಹೇಳುವುದಿಲ್ಲ. ತಿದ್ದಿಸಿ, ಬಲ್ಲವರ ಕೈಗೆ ಕೊಡಿ. ಕೊಡುವ ಮೊದಲು ಗೋಡೆಯ ಕಡೆ ಮುಖ ಮಾಡಿ ಒಂದು ಸಲ ಕೂತುಕೊಳ್ಳಿ. ತೆಗೆದದ್ದನ್ನು ಎಸೆಯದವರ ಹತ್ತಿರವೇ ಹೋಗಿ.

ಕಾಶಮ್ಮ ಎರಡನೆಯ ಸಲ ಹಾಡಿದ ದಿನ ನಡೆದದ್ದನ್ನು ಇನ್ನೂ ಹೇಳಿಲ್ಲ. ಮೊದಲ ಹಾಡು ಮುಗಿದ ಮೇಲೆ ಹೆಡ್‌ಫೋನನ್ನು ನಾನೇ ಅವಳ ಕಿವಿಗೆ ಇಟ್ಟು ಟೇಪ್ ಹಿಂದಕ್ಕೆ ಓಡಿಸಿ ಹಚ್ಚಿದೆ. ಫ್ಯಾನ್ ಬಂದ್ ಇತ್ತು, ಮೂರು ಜನ ಹೆಂಗಸರು ಕಲ್ಲಿನ ಸುತ್ತ ಸುಮ್ಮನೆ ಕೂತಿದ್ದರು. ಅವಳು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ನನಗೆ ಅವಳ ಮುಖ ನೋಡುವುದೊಂದೇ ಉಳಿದಿತ್ತು. 'ಸ' ಬರುವ ಜಾಗಗಳು ನನಗೆ ಬಾಯಿಪಾಠವಾಗಿದ್ದವು, ಒಂದೊಂದು ಬಂದಾಗಲೂ ಅವಳ ಹುಬ್ಬು ಗಂಟಿಕ್ಕುತ್ತದೆಯೇ ಎಂದು ನೋಡಿದೆ. ಗಂಟಿಕ್ಕಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವತ್ತು ಅವಳು ಬಾಯಿಗೆ ಸೆರಗು ಹಿಡಿಯಲಿಲ್ಲ.

"ಸೀಟಿ ಇಲ್ರಿ ಈಗ," ಎಂದಳು. "ನಂದೇ ದನಿ ಅದ. ಆದ್ರ ಹಲ್ಲ ಇದ್ದಾಗಿನ ದನಿ ಅಲ್ಲ."

ಹೌದವ್ವ ಎಂದೆ. ಖಾದರಸಾಬರ ಪೆಟ್ಟಿಗೆಯಲ್ಲಿ ನನ್ನ ಹೆಸರಿನ ಪುಡಿಕೆಗಳೆಲ್ಲ ಇದ್ದವು, ಆ ಹಲ್ಲು ಮಾತ್ರ ಇರಲಿಲ್ಲ. ಅವಳು ಕಲ್ಲಿನ ಗೂಟಕ್ಕೆ ಕೈ ಹಾಕಿ, ಎರಡನೇದು ಹಚ್ಚಿರಿ ಎಂದು ಸನ್ನೆ ಮಾಡಿದಳು. ನಾನು ಟೇಪ್ ಶುರು ಮಾಡಿದೆ.